ಗಂಬಳಿಯ ಬೆನ್ನು ನೋಡಿ ಬೆಲೆ ಕೇಳಿ

ಗೋವೆಗೆ ಬರುವ ನಮ್ಮ ನೆಂಟರಿಗೆ ಸಮುದ್ರ ನೋಡಿದ ಮೇಲೆ ಅಂಜುನಾದ ಬುಧವಾರದ ಸಂತೆ ಆಗಲೇಬೇಕು. ಗದಗ ಕಡೆಯ ಲಂಬಾಣಿ ಹೆಂಗಸರು ಅಲ್ಲಿ ಕನ್ನಡದಲ್ಲೇ ಕರೆದು ಕೂರಿಸುತ್ತಾರೆ. ತುಸು ಮುಂದೆ ಕಾಶ್ಮೀರಿ ವ್ಯಾಪಾರಿಗಳು ರತ್ನಗಂಬಳಿ ಬಿಡಿಸುತ್ತಾರೆ. ಕೈಸುಡುವುದು ಇಲ್ಲಿ.

ಮನೆ ಬಿಡುವ ಮೊದಲೇ ಕೋಣೆಯನ್ನು ಅಡಿಗಳಲ್ಲಿ ಅಳೆದು ಬರೆದುಕೊಳ್ಳಿ. ಬಯಲಿನಲ್ಲಿ ಹಾಸಿದ ಗಂಬಳಿ ಚಿಕ್ಕದಾಗಿಯೇ ಕಾಣುತ್ತದೆ.

ವ್ಯಾಪಾರಿ ಗಂಬಳಿ ಹಾಸಿದ ಕೂಡಲೇ ಮಗುಚಿ ಹಾಕಲು ಹೇಳಿ. ಕೈಯಲ್ಲಿ ಗಂಟು ಹಾಕಿ ನೇಯ್ದದ್ದಾದರೆ ಮೇಲಿನ ಹೂಬಳ್ಳಿ ಬೆನ್ನಿನಲ್ಲೂ ಸ್ಪಷ್ಟವಾಗಿರುತ್ತದೆ, ಸಾಲು ಅಲ್ಲಲ್ಲಿ ತುಸು ಸೊಟ್ಟಗಿರುತ್ತದೆ. ತುದಿಯ ಕುಚ್ಚು ಹಾಸಿನ ನೂಲೇ, ಅಂದರೆ ನೇಯ್ಗೆಯ ಉದ್ದೆಳೆಯೇ, ಇಳಿದು ಬಂದದ್ದಾಗಿರಬೇಕು. ಬೇರೆ ತಂದು ಹೊಲಿದಿದ್ದರೆ ಅನುಮಾನಿಸಿ. ಬೆನ್ನಿಗೆ ದಪ್ಪ ಬಟ್ಟೆ ಅಂಟಿಸಿದ್ದರೆ ಅದು ಟಫ್ಟೆಡ್: ಪಿಸ್ತೂಲಿನಂಥ ಉಪಕರಣದಿಂದ ಉಣ್ಣೆಯನ್ನು ಬಟ್ಟೆಗೆ ಚುಚ್ಚಿ, ರಬ್ಬರ್ ಅಂಟು ಬಳಿದದ್ದು. ಅದನ್ನೂ ಕೈಕೆಲಸ ಎನ್ನುವುದು ಪೂರ್ತಿ ಸುಳ್ಳಲ್ಲ, ಗಂಟಿನ ಗಂಬಳಿಯ ಬೆಲೆ ಹೇಳುವುದು ಮಾತ್ರ ಅನ್ಯಾಯ. ಮಾಪ್ಸಾದ ನಮ್ಮ ಮನೆಯಲ್ಲೇ ಅಂಥದ್ದೊಂದಿದೆ. ಮೂರನೆಯ ಮಳೆಗಾಲದ ಹೊತ್ತಿಗೆ ಅಂಟು ಒಡೆದು, ಗುಡಿಸಿದಷ್ಟೂ ಅಕ್ಕಿಹಿಟ್ಟಿನಂತೆ ಉದುರತೊಡಗಿತು. ಮೇಲಿನ ಹೂವುಗಳು ಇನ್ನೂ ನಳನಳಿಸುತ್ತಿವೆ, ಅದೇ ಹೊಟ್ಟೆಯುರಿ.

ಬೆನ್ನಿನ ಮೇಲೆ 1 ಇಂಚು ಅಡ್ಡಕ್ಕೆ, 1 ಇಂಚು ಉದ್ದಕ್ಕೆ ಗಂಟು ಎಣಿಸಿ ಗುಣಿಸಿ. ಅಡ್ಡಕ್ಕೆ 12, ಉದ್ದಕ್ಕೆ 12 ಇದ್ದರೆ ಚದರ ಇಂಚಿಗೆ 144. ವ್ಯಾಪಾರಿ 300 ಗಂಟು ಎಂದಿದ್ದರೆ ಚೌಕಾಸಿ ಅಲ್ಲಿಂದಲೇ ಶುರುವಾಗಲಿ.

ಗಂಬಳಿ ರೇಷ್ಮೆಯದು ಎಂದು ವ್ಯಾಪಾರಿ ಹೇಳಿದರೆ ಒಂದೆರಡು ಎಳೆ ಕೇಳಿ ಪಡೆದು, ಸರಕಿನಿಂದ ದೂರ ಹೋಗಿ ಕಡ್ಡಿ ಗೀರಿ. ರೇಷ್ಮೆಯೂ ಉಣ್ಣೆಯೂ ಕೂದಲು ಸುಟ್ಟ ವಾಸನೆ ಕೊಡುತ್ತವೆ. ರೇಷ್ಮೆಯಂತೆ ಹೊಳೆಯುವ ಕೃತಕ ನೂಲು ವಿಸ್ಕೋಸ್ ಕಾಗದದಂತೆ ಉರಿಯುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಎಳೆ ಕೊಡಲು ಒಪ್ಪದಿದ್ದರೆ ಎದ್ದು ಬನ್ನಿ. ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ ಕೆಂಪು ಭಾಗದ ಮೇಲೆ ಉಜ್ಜಿದರೆ ಬಣ್ಣ ಬಿಡುವುದೂ ತಿಳಿಯುತ್ತದೆ.

ಜಮಖಾನೆಗೆ ಈ ಬೆನ್ನಿನ ಪರೀಕ್ಷೆ ನಡೆಯದು, ಅದಕ್ಕೆ ಎರಡೂ ಕಡೆ ಮುಖವೇ. ಬೆಳಕಿಗೆ ಹಿಡಿದು ನೇಯ್ಗೆಯ ಬಿಗಿ ನೋಡಿ. ಊರಿಗೆ ಹುಬ್ಬಳ್ಳಿಯ ಮೇಲೆ ಮರಳುವವರಾದರೆ ಅದನ್ನು ಗೋವೆಯಲ್ಲಿ ಕೊಳ್ಳಲೇಬೇಡಿ. ನವಲಗುಂದ ಅಲ್ಲಿಂದ ಹತ್ತಿರ, ನೇಯುವ ಹೆಂಗಸರ ಎದುರೇ ಕೂತು ಆರಿಸಬಹುದು.