ಜಿಲ್ಲೆಯ ಗಾಂಜಾ ಲೆಕ್ಕವನ್ನು ಓದುವ ಬಗೆ

ಜೂನ್ 26ರ ಮಾದಕವಸ್ತು ವಿರೋಧಿ ದಿನದ ಆಸುಪಾಸಿನಲ್ಲಿ ಇಷ್ಟು ಪ್ರಕರಣ, ಇಷ್ಟು ಕಿಲೋ ಗಾಂಜಾ ವಶ ಎಂಬ ಸುದ್ದಿ ಬರುವುದು ವಾಡಿಕೆ. ಚಿಕ್ಕಮಗಳೂರಿನಂಥ ಜಿಲ್ಲೆಯಲ್ಲಿ ಮಾದಕವಸ್ತು ನೀತಿ ಫಲ ಕೊಡುತ್ತಿದೆಯೇ ಎಂದು ತಿಳಿಯಬಯಸುವವರು ಮೊದಲು ಅರಿಯಬೇಕಾದ ಮಾತೆಂದರೆ, ಈ ಎರಡೂ ಅಂಕಿಗಳು ಪೊಲೀಸರು ಎಷ್ಟು ದುಡಿದರು ಎಂಬುದನ್ನು ಹೇಳುತ್ತವೆಯೇ ಹೊರತು ಊರಿನಲ್ಲಿ ಮಾಲು ಎಷ್ಟಿದೆ ಎಂಬುದನ್ನಲ್ಲ.

ಆದ್ದರಿಂದ ಮೊದಲು ಪ್ರಕರಣಗಳನ್ನು ಕಲಂವಾರು ಬಿಡಿಸಿಕೊಳ್ಳಿ. 1985ರ ಮಾದಕವಸ್ತು ನಿಯಂತ್ರಣ ಕಾಯ್ದೆಯಲ್ಲಿ (ಎನ್‌ಡಿಪಿಎಸ್) ಗಾಂಜಾ ಬೆಳೆಯುವುದು, ಇಟ್ಟುಕೊಳ್ಳುವುದು, ಮಾರುವುದು 20ನೇ ಕಲಮಿಗೆ ಸೇರಿದರೆ, ಸೇವನೆ 27ನೇ ಕಲಮಿಗೆ ಸೇರುತ್ತದೆ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಐದು ವರ್ಷಗಳ ಠಾಣಾವಾರು, ಕಲಂವಾರು ವಿವರ ಕೇಳಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದೂ ಸಾಮಾನ್ಯವಾಗಿ 150 ಪದ ಮೀರಬಾರದು. ಅಬಕಾರಿ ಇಲಾಖೆಯೂ ಪ್ರತ್ಯೇಕವಾಗಿ ಪ್ರಕರಣ ದಾಖಲಿಸುವುದರಿಂದ ಅಲ್ಲಿಗೂ ಒಂದು ಅರ್ಜಿ ಹಾಕುವುದು ಒಳ್ಳೆಯದು.

ಸೇವನೆ ಪ್ರಕರಣಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅನುಮಾನ ಬಂದ ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ದು, ಸಣ್ಣ ಡಬ್ಬಿಯಲ್ಲಿ ಮೂತ್ರ ಪಡೆದು, ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಪ್ರಕರಣ ದಾಖಲಾಗುತ್ತದೆ. ಗಾಂಜಾದ ಅಂಶ ಮೂತ್ರದಲ್ಲಿ ಹಲವು ದಿನ, ನಿತ್ಯ ಸೇದುವವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಹೀಗಾಗಿ ಆತ ಎಲ್ಲಿ ಸೇದಿದ, ಯಾರಿಂದ ಕೊಂಡ ಎಂಬ ಎರಡಕ್ಕೂ ಆ ಡಬ್ಬಿಯಲ್ಲಿ ಉತ್ತರವಿಲ್ಲ. ಪ್ರಕರಣಗಳು ದುಪ್ಪಟ್ಟಾಗಿ, ಆ ಹೆಚ್ಚಳವೆಲ್ಲ ಇಂಥವೇ ಆಗಿದ್ದರೆ, ದಂಧೆಗೆ ಪೆಟ್ಟು ಬಿದ್ದಿತೆಂದು ನಂಬಲು ನಾನಂತೂ ಸಿದ್ಧನಿಲ್ಲ.

ಕಿಲೋ ಲೆಕ್ಕವನ್ನೂ ಹಾಗೆಯೇ ಕೆದಕಿ ನೋಡಿ. ಶುಂಠಿ ಹೊಲದ ನಡುವೆ ಕಿತ್ತ ಹಸಿ ಗಿಡವನ್ನು ಬೇರು, ದಂಟಿನ ಸಮೇತ ತೂಗಿದರೆ ಮುಳ್ಳು ಸುಲಭವಾಗಿ ಮೇಲೇರುತ್ತದೆ. ಕಾನೂನಿನ ವ್ಯಾಖ್ಯೆಯಲ್ಲಾದರೋ ಗಾಂಜಾ ಎಂದರೆ ಹೂವು ಅಥವಾ ಕಾಯಿ ಬಿಟ್ಟ ತುದಿ. ಆ ತುದಿ ಜೊತೆಗಿಲ್ಲದ ಬೀಜ ಮತ್ತು ಎಲೆ ಅದರಲ್ಲಿ ಸೇರುವುದಿಲ್ಲ. 1 ಕಿಲೋವರೆಗೆ ಅಲ್ಪ ಪ್ರಮಾಣ, 20 ಕಿಲೋದಿಂದ ಮೇಲೆ ವಾಣಿಜ್ಯ ಪ್ರಮಾಣವಾಗಿ ಶಿಕ್ಷೆಯೂ ಜಾಮೀನೂ ಬದಲಾಗುವುದರಿಂದ, ಪಂಚನಾಮೆಯಲ್ಲಿ ತೂಗಿದ್ದು ಏನನ್ನು ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ಎದ್ದೇ ಏಳುತ್ತದೆ.

ಮಾರುಕಟ್ಟೆಯ ನಾಡಿ ಸಿಗುವುದು ಬೆಲೆಯಲ್ಲಿ. ಪೂರೈಕೆ ಬಿಗಿಯಾದಾಗ ಪೊಟ್ಟಣದ ಬೆಲೆ ಏರಲೇಬೇಕೆಂದಿಲ್ಲ, ಒಳಗಿನ ಸೊಪ್ಪು ಕಡಿಮೆಯಾಗುತ್ತದೆ. 5 ರೂಪಾಯಿ ಬಿಸ್ಕತ್ತಿನ ಪೊಟ್ಟಣ ವರ್ಷದಿಂದ ವರ್ಷಕ್ಕೆ ತೆಳ್ಳಗಾದಂತೆ. ಇದನ್ನು ತಿಳಿಯಲು ಮಾರುವವರ ಬಳಿ ಹೋಗಬೇಕಾಗಿಲ್ಲ, ಹೋಗಲೂಬಾರದು. ವ್ಯಸನಮುಕ್ತಿ ಆಪ್ತಸಮಾಲೋಚಕರು ಹೆಸರು ಕೇಳದೆಯೇ ಬೆಲೆ, ತೂಕ, ಸಿಗಲು ಹಿಡಿದ ಸಮಯ ಈ ಮೂರನ್ನು ಬರೆದಿಟ್ಟರೆ ಸಾಕು.

ಇನ್ನು ಹೋಲಿಕೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ವಾರಾಂತ್ಯದಲ್ಲಿ ಬರುವವರನ್ನು ಮರೆತು ಪ್ರಕರಣಗಳನ್ನು ಜಿಲ್ಲೆಯ ಜನಸಂಖ್ಯೆಯಿಂದ ಭಾಗಿಸಿದರೆ ಉತ್ತರ ತಪ್ಪುತ್ತದೆ. ಆರೋಪಿಗಳ ವಿಳಾಸವನ್ನು ಜಿಲ್ಲೆಯೊಳಗಿನವರು, ಹೊರಗಿನವರು ಎಂದು ವಿಂಗಡಿಸಿ ಕೇಳಿ. ಮೂಡಿಗೆರೆಯಲ್ಲಿ ಇಳಿದ ಸಂಖ್ಯೆ ಗಡಿಯಾಚೆ ಹಾಸನ ಜಿಲ್ಲೆಯ ಸಕಲೇಶಪುರದಲ್ಲಿ ಏರಿದ್ದರೆ ದಂಧೆ ನಿಂತಿಲ್ಲ, ಘಟ್ಟದ ರಸ್ತೆ ಹಿಡಿದು ಜಾಗ ಬದಲಿಸಿದೆ ಎಂಬ ಅನುಮಾನಕ್ಕೆ ಎಡೆಯಿದೆ.

ಚಿಕಿತ್ಸೆಯ ಲೆಕ್ಕ ಸಾಮಾನ್ಯವಾಗಿ ಯಾರೂ ಕೇಳದ ಲೆಕ್ಕ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಒಪ್ಪಿದರೆ ಅದೇ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಡಿ ವಿಚಾರಣೆಯಿಂದ ರಕ್ಷಣೆ ಪಡೆಯಬಹುದು. ಜಿಲ್ಲೆಯಲ್ಲಿ ಎಷ್ಟು ಮಂದಿಗೆ ಈ ದಾರಿ ತೋರಿಸಲಾಯಿತು? ಮಾದಕವಸ್ತು ತಡೆಗೆ ಇಲಾಖೆಗಳನ್ನು ಒಟ್ಟು ಕೂರಿಸುವ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಎನ್‌ಕಾರ್ಡ್ ಸಮಿತಿಯ ನಡಾವಳಿ ಕೇಳಿ ಪಡೆದು, ಆರೋಗ್ಯ ಇಲಾಖೆಯ ಮಾತಿಗೆ ಅದರಲ್ಲಿ ಎಷ್ಟು ಸಾಲು ಮೀಸಲಾಗಿದೆ ಎಂದು ನೋಡಿ. 2019ರ ರಾಷ್ಟ್ರೀಯ ಸಮೀಕ್ಷಾ ವರದಿಯಂತೆ ದೇಶದಲ್ಲಿ ಭಂಗಿ, ಗಾಂಜಾ ಬಳಸುವವರು ಶೇ. 2.8, ಮದ್ಯ ಕುಡಿಯುವವರು ಶೇ. 14.6 ಎಂಬುದೂ ಆಗ ನೆನಪಿರಲಿ; ಚಿಕಿತ್ಸೆಯ ಮಾತು ಗಾಂಜಾಕ್ಕೇ ಮುಗಿಯುವುದಿಲ್ಲ.

ಎಲ್ಲವನ್ನೂ ತಿಂಗಳುವಾರು ಒಂದೇ ಹಾಳೆಗೆ ಇಳಿಸಿ, ಪಕ್ಕದಲ್ಲಿ ಎಸ್‌ಪಿ ವರ್ಗಾವಣೆಯಾದ ತಿಂಗಳಿಗೊಂದು ಗುರುತು ಹಾಕಿ. ಸಂಖ್ಯೆ ಜಿಗಿದ ಸಾಲೂ ಆ ಗುರುತೂ ಅಕ್ಕಪಕ್ಕ ಬಂದರೆ, ಗಾಂಜಾ ಹೆಚ್ಚಿತೆಂದು ಬರೆಯುವ ಮುನ್ನ ಹೊಸ ಸಾಹೇಬರ ಮೊದಲ ಸುತ್ತೋಲೆಯನ್ನು ತರಿಸಿಕೊಂಡು ಓದಿ.