ಕರೆತಂದವರು ಹೊರಗೆ ಕುಳಿತ ಮೇಲೆ

ಉಡುಪಿಯಲ್ಲಿ ಆಪ್ತಸಮಾಲೋಚಕಿಯಾಗಿರುವ ನನ್ನ ಬಳಿಗೆ ಒಬ್ಬರೇ ಬರುವವರು ಕಡಿಮೆ. ಮಗುವನ್ನು ತಾಯಿ, ವಯಸ್ಸಾದ ತಾಯಿಯನ್ನು ಗಲ್ಫ್‌ನಿಂದ ರಜೆಗೆ ಬಂದ ಮಗ ಕರೆತರುತ್ತಾರೆ, ತೊಂದರೆ ಏನೆಂದು ಹೇಳುವವರೂ ಅವರೇ. ಅವರ ಮಾತನ್ನು ಪೂರ್ತಿ ಕೇಳಿ, ಬಳಿಕ ಹೊರಗೆ ಕುಳಿತಿರಲು ವಿನಂತಿಸುತ್ತೇನೆ. ತೊಂದರೆಯಲ್ಲಿರುವವರು ಯಾವ ವಯಸ್ಸಿನವರೇ ಆಗಲಿ, ಅವರೊಬ್ಬರೊಡನೆಯೇ ಮಾತನಾಡದೆ ನಾನು ಯಾವ ನಿರ್ಧಾರಕ್ಕೂ ಬರುವುದಿಲ್ಲ.

ಸಣ್ಣ ಮಕ್ಕಳಿಗೆ ಕಾಗದ, ಕ್ರೆಯಾನ್ ಕೊಡುತ್ತೇನೆ. ಚಿತ್ರ ನೋಡಿ ಮನಸ್ಸನ್ನು ಅಳೆಯುವುದರಲ್ಲಿ ನನಗೆ ನಂಬಿಕೆಯಿಲ್ಲ. ಬಿಡಿಸುತ್ತ ತಲೆತಗ್ಗಿಸಿದ ಮಗು ತಾನಾಗಿ ಆಡುವ ಮಾತು ಮುಖ್ಯ.

ಪಿಯುಸಿ ಫಲಿತಾಂಶದ ಹೊತ್ತಿನಲ್ಲಿ ಬರುವ ಹುಡುಗ ಹುಡುಗಿಯರಿಗೆ ಮೊದಲೇ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ: ಇಲ್ಲಿ ಹೇಳಿದ್ದು ಮನೆಗೆ ಹೋಗದು, ಆದರೆ ಜೀವಕ್ಕೆ ಅಪಾಯವೆನಿಸಿದರೆ ಮನೆಯವರಿಗೆ ತಿಳಿಸುತ್ತೇನೆ, ಲೈಂಗಿಕ ದೌರ್ಜನ್ಯವಾಗಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ವರದಿ ಮಾಡಲೇಬೇಕು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಭಯ ಹೆತ್ತವರಲ್ಲಿದೆ, ಅದು ನಿಜವಲ್ಲ. ಹೌದೆಂದರೆ ತೋಟದ ಕೀಟನಾಶಕವನ್ನೂ ಮನೆಯ ಮಾತ್ರೆಗಳನ್ನೂ ಅಂದೇ ಬೀಗ ಹಾಕಿಸಿ, ಮನೋವೈದ್ಯರ ಭೇಟಿ ಗೊತ್ತುಮಾಡಿಸುತ್ತೇನೆ. ರಾತ್ರಿ ಹೊತ್ತಿಗೆಂದು ಟೆಲಿ ಮಾನಸ್‌ನ 14416 ಬರೆದುಕೊಡುತ್ತೇನೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸಹಾಯವಾಣಿ ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.

ಹಿರಿಯರ ವಿಷಯದಲ್ಲಿ ಹೆಚ್ಚು ಸಮಯ ಬೇಕು. ಅಮ್ಮನಿಗೆ ಮರೆವು ಶುರುವಾಗಿದೆ ಎಂದು ಒಬ್ಬರು ಮಗ ಹೇಳಿದ್ದರು. ಅವರು ಹೊರಗೆ ಹೋದ ಮೇಲೆ ನಾನು ತುಳುವಿನಲ್ಲಿ ಮಾತಿಗಿಳಿದಾಗ, ಗಂಡ ತೀರಿಕೊಂಡ ನಂತರ ದೋಸೆಗೆ ಅರೆಯುವುದನ್ನೇ ಬಿಟ್ಟಿದ್ದೇನೆ, ರಾತ್ರಿಗೆ ಮಧ್ಯಾಹ್ನದ ಗಂಜಿಯೇ ಸಾಕು, ಬೆಳಗಿನ ಮೂರಕ್ಕೆ ಎಚ್ಚರವಾಗುತ್ತದೆ ಎಂದು ಆ ತಾಯಿ ಹೇಳಿಕೊಂಡರು. ಮುಪ್ಪಿನಲ್ಲಿ ಖಿನ್ನತೆಯೂ ಮರೆವಿನಂತೆ ಕಾಣಿಸಬಹುದು, ಥೈರಾಯ್ಡ್ ಅಥವಾ ಬಿ12 ಕೊರತೆಯೂ ಹಾಗೆಯೇ. ಆದ್ದರಿಂದ ಮೊದಲು ರಕ್ತಪರೀಕ್ಷೆಗೆ, ಅನಂತರ ಮನೋವೈದ್ಯರಲ್ಲಿಗೆ ಕಳುಹಿಸಿದೆ. ಮನೆಯವರು ದೈವದ ನುಡಿ ಕೇಳಿ ಹರಕೆ ಹೊತ್ತಿದ್ದರು. ಅದನ್ನು ಬಿಡಿರೆಂದು ನಾನು ಹೇಳುವುದಿಲ್ಲ, ವೈದ್ಯರು ಬರೆದ ಮಾತ್ರೆಯನ್ನು ನಡುವೆ ನಿಲ್ಲಿಸಬೇಡಿ ಎನ್ನುತ್ತೇನೆ.

ನಿಮಗೇನು ಬೇಕು ಎಂದು ಆ ತಾಯಿಯನ್ನು ಕೇಳಿದಾಗ, ಶನಿವಾರದ ಭಜನೆಗೆ ಹೋಗಬೇಕು, ಕತ್ತಲಾದ ಮೇಲೆ ಮನೆಗೆ ಕರೆತರಲು ಯಾರೂ ಇಲ್ಲ ಎಂದರು. ಆಕೆಯ ಒಪ್ಪಿಗೆ ಪಡೆದು ಮಗನನ್ನು ಒಳಗೆ ಕರೆದೆ. ನೆರೆಮನೆಯವರ ರಿಕ್ಷಾ ಗೊತ್ತುಮಾಡುವ ಹೊಣೆಯನ್ನು ಅವರು ವಹಿಸಿಕೊಂಡರು, ರಜೆ ಮುಗಿಯುವ ಮುಂಚೆ ಮಾಡಿಯೂ ಕೊಟ್ಟರು.