ವರ್ಕೌಟ್ ಏಜೆಂಟ್‌ಗೆ ಟೂಲ್ ಬರೆಯುವಾಗ ಯೂನಿಟ್ ಮರೀಬೇಡಿ

ವರ್ಕೌಟ್ ಪ್ಲಾನ್ ಮಾಡುವ ಎಐ ಏಜೆಂಟ್‌ಗೆ ಟೂಲ್ (ಅದು ಕರೆದು ಬಳಸುವ ಕೋಡ್ ಫಂಕ್ಷನ್) ಕೊಡುತ್ತಿದ್ದೀರಾ? ಡಿಸ್ಕ್ರಿಪ್ಷನ್‌ನಲ್ಲಿ ಸುಮ್ನೆ ‘ಸೆಟ್ ಸೇರಿಸುತ್ತದೆ’ ಅಂತ ಬರೆದು ಬಿಡಬೇಡಿ. ನಾನು ಹಾಗೇ ಮಾಡಿದ್ದೆ. ‘ತೂಕ’ ಅಂತಷ್ಟೇ ಇದ್ದ ಫೀಲ್ಡ್‌ಗೆ ಏಜೆಂಟ್ 135 ತುಂಬಿತು. ಅದರ ಲೆಕ್ಕ ಪೌಂಡ್‌ನಲ್ಲಿ, ಅಂದ್ರೆ ಸುಮಾರು 61 ಕೆಜಿ. ನನ್ನ ಕೋಡ್ ಅದನ್ನು ಕೆಜಿ ಅಂದುಕೊಂಡಿತು. 135 ಕೆಜಿ ಸ್ಕ್ವಾಟ್, ಸೊಂಟ ಉಳಿಯುತ್ತಾ?

ಈಗ ಫೀಲ್ಡ್ ಹೆಸರಲ್ಲೇ ಯೂನಿಟ್ ಸೇರಿಸಿದ್ದೇನೆ: ‘ತೂಕ_ಕೆಜಿ’, ‘ವಿಶ್ರಾಂತಿ_ಸೆಕೆಂಡ್’. ಒಂದೇ ಭಂಗಿಯಲ್ಲಿ ನಿಲ್ಲುವ ಪ್ಲ್ಯಾಂಕ್‌ಗೆ ರೆಪ್ಸ್ (ಎಷ್ಟು ಸಲ ಅನ್ನೋ ಎಣಿಕೆ) ಅಲ್ಲ, ಸೆಕೆಂಡ್ ಬೇಕು. ಅದನ್ನೂ ಬರೆಯಿರಿ. ವ್ಯಾಯಾಮದ ಐಡಿಯನ್ನು ಹುಡುಕುವ ಟೂಲ್‌ನಿಂದಲೇ ತರಬೇಕು ಅಂತ ಖಡಾಖಂಡಿತವಾಗಿ ಹೇಳಿ. ಇಲ್ಲದಿದ್ದರೆ ಏಜೆಂಟ್ ತಾನೇ ಒಂದು ಐಡಿ ಹುಟ್ಟಿಸಿಬಿಡಬಹುದು.

ಎರರ್ ಮೆಸೇಜ್ ಕೂಡ ಡಾಕ್ಯುಮೆಂಟೇಷನ್ನೇ, ಅಲ್ವಾ? ‘ತಪ್ಪು ಇನ್‌ಪುಟ್’ ಬದಲು ‘ರೆಪ್ಸ್ 1ರಿಂದ 50ರೊಳಗೆ ಇರಲಿ’ ಅಂತ ಹಾಕಿದ ಮೇಲೆ ನನ್ನ ಏಜೆಂಟ್ ಜಾಸ್ತಿ ಸಲ ತಾನೇ ಸರಿಮಾಡಿಕೊಳ್ಳುತ್ತಿದೆ.